ಮೊದಲ ವರ್ಷ ಮುಗಿಸಿ ಹೊರಡುವುದೋ, ನಡುವೆಯೇ ಬಿಡುವುದೋ?

ಅಮೆರಿಕದ ಕಾಲೇಜುಗಳಲ್ಲಿ ಪಾಠ ಶುರುವಾಗುವುದು ಆಗಸ್ಟ್ ಕೊನೆಯ ಹೊತ್ತಿಗೆ. ಅಕ್ಟೋಬರ್ ಬರುವಷ್ಟರಲ್ಲಿ ಮೊದಲ ಮಿಡ್‌ಟರ್ಮ್ ಮುಗಿದಿರುತ್ತದೆ, ಡೈನಿಂಗ್ ಹಾಲಿನ ಊಟ ಸಾಕಾಗಿರುತ್ತದೆ, ರೂಮ್‌ಮೇಟ್ ಎಂಥವನು ಎಂಬುದೂ ಗೊತ್ತಾಗಿರುತ್ತದೆ. ‘ಈ ಕಾಲೇಜು ನನಗೆ ಆಗಿಬರಲ್ಲ ಅಮ್ಮಾ, ಬೇರೆ ಕಡೆ ನೋಡ್ತೀನಿ’ ಎಂಬ ಮಾತು ಫೋನಿನಲ್ಲಿ ಮೊದಲ ಸಲ ಬರುವುದು ಸಾಮಾನ್ಯವಾಗಿ ಆಗಲೇ. ಫೋನು ಹೋದದ್ದು ಮೈಸೂರಿಗಿರಲಿ, ನ್ಯೂಜೆರ್ಸಿಯ ಎಡಿಸನ್‌ಗಿರಲಿ, ಅತ್ತ ಕಡೆಯ ಗಾಬರಿ ಒಂದೇ: ಕಟ್ಟಿದ ಫೀಸು ಏನಾಯಿತು, ವರ್ಷ ಹಾಳಾಯಿತೇ? ಕಾಲೇಜು ಬದಲಿಸುವುದನ್ನು ಸೋಲೆಂದೇ ಎಣಿಸುವವರಿಗೆ ಒಂದು ಅಂಕಿ ಹೇಳಬೇಕು. ಅಮೆರಿಕದ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ 2011ರ ಫಾಲ್‌ನಲ್ಲಿ ಕಾಲೇಜು ಸೇರಿದ ಸುಮಾರು 28 ಲಕ್ಷ ವಿದ್ಯಾರ್ಥಿಗಳ ಜಾಡು ಹಿಡಿದು ನೋಡಿದಾಗ, ಆರು ವರ್ಷದೊಳಗೆ ಶೇ 38ರಷ್ಟು ಮಂದಿ ಒಮ್ಮೆಯಾದರೂ ಕಾಲೇಜು ಬದಲಿಸಿದ್ದರು. ಇಷ್ಟೊಂದು ಜನ ನಡೆದ ದಾರಿಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಆ ದಾರಿಗೆ ಯಾವ ತಿಂಗಳಲ್ಲಿ ಕಾಲಿಡುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಮನೆಯ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿರುತ್ತವೆ. ಈ ಕಾಲೇಜು ಬಿಡಬೇಕೇ ಎಂಬುದು ಒಂದು, ಯಾವಾಗ ಬಿಡಬೇಕು ಎಂಬುದು ಮತ್ತೊಂದು. ಮೊದಲನೆಯದಕ್ಕೆ ಉತ್ತರ ಆಯಾ ವಿದ್ಯಾರ್ಥಿಯ ಮನಸ್ಸು, ವಿಷಯ, ಮನೆಯ ಹಣದ ಸ್ಥಿತಿ ಇವನ್ನೆಲ್ಲ ನೋಡಿ ಹೇಳಬೇಕಾದದ್ದು. ಎರಡನೆಯದಕ್ಕೆ ಮಾತ್ರ ಹೆಚ್ಚಿನವರ ಮಟ್ಟಿಗೆ ನೇರ ಉತ್ತರವಿದೆ: ಅರ್ಜಿ ಈಗಲೇ ಹಾಕಿ, ವರ್ಷ ಮುಗಿಸಿ ಹೊರಡಿ. ಇವೆರಡೂ ಜೊತೆಯಲ್ಲಿ ಆಗುವ ಕೆಲಸ ಎಂಬುದು ನಮ್ಮ ಕಡೆಯವರಿಗೆ ಬೇಗ ಹೊಳೆಯುವುದಿಲ್ಲ. ಕರ್ನಾಟಕದಲ್ಲಿ ಕಾಲೇಜು ಬಿಡುವುದೆಂದರೆ ಟಿಸಿ ತೆಗೆದುಕೊಳ್ಳುವುದು. ಟಿಸಿ ಕೈಗೆ ಬಂತೆಂದರೆ ಇದ್ದ ಸೀಟು ಹೋಯಿತು. ಅಮೆರಿಕದಲ್ಲಿ ಟಿಸಿ ಎಂಬ ವ್ಯವಸ್ಥೆಯೇ ಇಲ್ಲ. ಇರುವ ಕಾಲೇಜಿನಲ್ಲಿ ಓದುತ್ತಲೇ ಇನ್ನೊಂದಕ್ಕೆ ಅರ್ಜಿ ಹಾಕುತ್ತೀರಿ. ರಿಜಿಸ್ಟ್ರಾರ್ ಕಚೇರಿ ಟ್ರಾನ್ಸ್‌ಕ್ರಿಪ್ಟ್ ಕಳಿಸುತ್ತದೆ, ಅಷ್ಟೆ. ಕಾಮನ್ ಆ್ಯಪ್ ಎಂಬ ಸಾಮಾನ್ಯ ಅರ್ಜಿ ತಾಣದ ಮೂಲಕ ಹೋದರೆ ಕೆಲವು ಕಾಲೇಜುಗಳು ‘ಕಾಲೇಜ್ ರಿಪೋರ್ಟ್’ ಕೇಳುತ್ತವೆ. ನಿಮ್ಮ ಮೇಲೆ ಶಿಸ್ತುಕ್ರಮ ಇದೆಯೇ, ಓದಿನ ಸ್ಥಿತಿ ಸರಿಯಿದೆಯೇ ಎಂದು ಈಗಿನ ಕಾಲೇಜಿನವರು ತುಂಬಿಕೊಡುವ ಫಾರಂ ಅದು. ಅದನ್ನು ತುಂಬಿಸಿಕೊಂಡ ಮಾತ್ರಕ್ಕೆ ನಿಮ್ಮ ಜಾಗ ಖಾಲಿಯಾಗುವುದಿಲ್ಲ. ಯಾವ ಕಾಲೇಜೂ ಕರೆಯದಿದ್ದರೆ ಮುಂದಿನ ಆಗಸ್ಟ್‌ಗೆ ಇದ್ದಲ್ಲಿಗೇ ಹೋಗಿ ಕೂತರಾಯಿತು.

ಕ್ಯಾಲೆಂಡರ್ ಬಿಡಿಸಿ ನೋಡಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಫಾಲ್‌ಗೆ ಅಂದರೆ ಆಗಸ್ಟ್–ಸೆಪ್ಟೆಂಬರ್‌ಗೆ ಸೇರಬಯಸುವ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಬಹಳಷ್ಟು ವಿಶ್ವವಿದ್ಯಾಲಯಗಳು ಮಾರ್ಚ್, ಏಪ್ರಿಲ್ ಸುಮಾರಿನ ಗಡುವು ಇಡುತ್ತವೆ. ಫಲಿತಾಂಶ ಏಪ್ರಿಲ್‌ನಿಂದ ಜೂನ್‌ವರೆಗೆ ಬರುತ್ತದೆ. ಸ್ಪ್ರಿಂಗ್ ಸೆಮಿಸ್ಟರ್ ಮುಗಿಯುವುದು ಮೇ ತಿಂಗಳಲ್ಲಿ. ಅಂದಮೇಲೆ ವರ್ಷ ಮುಗಿಸಿದವನಿಗೂ ಡಿಸೆಂಬರ್‌ನಲ್ಲೇ ಗಂಟುಮೂಟೆ ಕಟ್ಟಿ ಮನೆಗೆ ಬಂದು ಫಾಲ್‌ಗಾಗಿ ಕಾದವನಿಗೂ ಹೊಸ ಕಾಲೇಜಿನ ಬಾಗಿಲು ತೆರೆಯುವುದು ಒಂದೇ ದಿನ. ನಡುವಿನ ಎಂಟು ತಿಂಗಳಲ್ಲಿ ಒಬ್ಬನ ಕೈಗೆ ಇನ್ನೊಂದು ಸೆಮಿಸ್ಟರಿನ ಕ್ರೆಡಿಟ್ ಸೇರಿರುತ್ತದೆ, ಇನ್ನೊಬ್ಬನದು ಖಾಲಿ. ಡಿಸೆಂಬರ್‌ನಲ್ಲಿ ಬಿಟ್ಟು ಜನವರಿಗೇ ಹೊಸ ಕಡೆ ಸೇರುವವರಿಗೆ ಮಾತ್ರ ನಿಜಕ್ಕೂ ಸಮಯ ಉಳಿಯುತ್ತದೆ. ಹಾಗೆ ಸೇರಬೇಕಾದರೆ ಸ್ಪ್ರಿಂಗ್ ಪ್ರವೇಶದ ಅರ್ಜಿಯನ್ನು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲೇ ಹಾಕಿರಬೇಕು.

ತೊಡಕು ಇರುವುದೇ ಅಲ್ಲಿ. ಅಕ್ಟೋಬರ್‌ನಲ್ಲಿ ಅರ್ಜಿ ಹಾಕುವ ಮೊದಲ ವರ್ಷದ ವಿದ್ಯಾರ್ಥಿಯ ಬಳಿ ಕಾಲೇಜಿನದೆಂದು ತೋರಿಸಲು ಒಂದು ಅಂಕಪಟ್ಟಿಯೂ ಇರುವುದಿಲ್ಲ. ಪ್ರವೇಶ ಕಚೇರಿಯವರು ನೋಡುವುದು ಹನ್ನೆರಡನೇ ತರಗತಿಯ ಅಂಕ, ಎಸ್‌ಎಟಿ ಇದ್ದರೆ ಅದು, ಜೊತೆಗೊಂದು ಪ್ರಬಂಧ. ಹಿಂದಿನ ವರ್ಷ ಇದೇ ಕಾಗದಗಳನ್ನು ನೋಡಿ ‘ಇಲ್ಲ’ ಎಂದ ಕಾಲೇಜು ಎರಡು ಮಿಡ್‌ಟರ್ಮ್ ಬರೆದ ಮಾತ್ರಕ್ಕೆ ‘ಹೌದು’ ಎನ್ನಲು ಕಾರಣ ಬೇಕಲ್ಲ? ಮಾರ್ಚ್‌ನಲ್ಲಿ ಹೋಗುವ ಅರ್ಜಿಯಲ್ಲಿ ಫಾಲ್ ಸೆಮಿಸ್ಟರಿನ ಗ್ರೇಡುಗಳು ಇರುತ್ತವೆ. ಜೊತೆಗೆ ನಡೆಯುತ್ತಿರುವ ಸ್ಪ್ರಿಂಗ್ ಕೋರ್ಸುಗಳ ಸ್ಥಿತಿ ಹೇಳುವ ಮಿಡ್‌ಟರ್ಮ್ ರಿಪೋರ್ಟನ್ನೂ ಅನೇಕ ಕಾಲೇಜುಗಳು ತರಿಸಿಕೊಳ್ಳುತ್ತವೆ. ಹೈಸ್ಕೂಲಿನಲ್ಲಿ ಸಾಧಾರಣವಾಗಿದ್ದವನು ಕಾಲೇಜಿಗೆ ಬಂದು ಚುರುಕಾದ ಎಂಬುದಕ್ಕೆ ಪುರಾವೆ ಸಿಗುವುದು ಅಲ್ಲೇ. ಹಲವು ಕಡೆ ಇದು ಬರೀ ಅಭಿರುಚಿಯ ಮಾತಲ್ಲ, ಬರೆದಿಟ್ಟ ನಿಯಮ. ಹಾರ್ವರ್ಡ್ ಟ್ರಾನ್ಸ್‌ಫರ್‌ಗೆ ಪರಿಗಣಿಸಬೇಕಾದರೆ ಒಂದು ಪೂರ್ಣ ಶೈಕ್ಷಣಿಕ ವರ್ಷವನ್ನು ಒಂದೇ ಕಾಲೇಜಿನಲ್ಲಿ ಮುಗಿಸಿರಬೇಕೆಂದು ಕೇಳುತ್ತದೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಕನಿಷ್ಠ 24 ಕ್ರೆಡಿಟ್ ಬೇಕು, ಜಾರ್ಜಿಯಾ ಟೆಕ್‌ಗೆ 30. ಒಂದು ಸೆಮಿಸ್ಟರಿಗೆ 15 ಕ್ರೆಡಿಟ್ ಎಂಬ ವಾಡಿಕೆಯ ಲೆಕ್ಕ ಹಿಡಿದರೆ, ಡಿಸೆಂಬರ್‌ನಲ್ಲಿ ಹೊರಬಂದವನಿಗೆ ಈ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಂತೂ ಮುಖ್ಯವಾಗಿ ಮೂರನೇ ವರ್ಷಕ್ಕೇ ಟ್ರಾನ್ಸ್‌ಫರ್ ತೆಗೆದುಕೊಳ್ಳುತ್ತವೆ. 60 ಸೆಮಿಸ್ಟರ್ ಕ್ರೆಡಿಟ್ ಅಥವಾ 90 ಕ್ವಾರ್ಟರ್ ಕ್ರೆಡಿಟ್ ಎಂಬುದು ಅಲ್ಲಿಯ ಅಳತೆ. ಬರ್ಕ್ಲಿಗೋ ಲಾಸ್ ಏಂಜಲೀಸ್‌ಗೋ ಹೋಗುವ ಆಸೆಯಿಟ್ಟುಕೊಂಡು ಮೊದಲ ವರ್ಷದ ಓದನ್ನೇ ಅರ್ಧಕ್ಕೆ ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

ಇನ್ನು ಕ್ರೆಡಿಟ್‌ಗಳ ಕಥೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹಣ ಸೋರುವುದು ಇಲ್ಲೇ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ತಾವು ಗಳಿಸಿದ ಕ್ರೆಡಿಟ್‌ಗಳಲ್ಲಿ ಸರಾಸರಿ ಶೇ 43ರಷ್ಟನ್ನು ಕಳೆದುಕೊಂಡಿದ್ದರು. ಒಂದು ಸರ್ಕಾರಿ ಕಾಲೇಜಿನಿಂದ ಇನ್ನೊಂದು ಸರ್ಕಾರಿ ಕಾಲೇಜಿಗೆ ಹೋದವರ ನಷ್ಟ ಶೇ 37. ಲಾಭಕ್ಕಾಗಿ ನಡೆಯುವ ಖಾಸಗಿ ಸಂಸ್ಥೆಗಳಿಂದ ಸರ್ಕಾರಿ ಕಾಲೇಜಿಗೆ ಬಂದವರದು ಶೇ 94, ಅಂದರೆ ಬಹುತೇಕ ಎಲ್ಲವೂ. ಈ ಅಂಕಿ ಕೇಳಿದ ಕೂಡಲೇ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು: ಅರ್ಧಕ್ಕರ್ಧ ಮಣ್ಣುಪಾಲಾಗುವುದಾದರೆ ಸ್ಪ್ರಿಂಗ್‌ನಲ್ಲಿ ಇನ್ನೂ ಹದಿನೈದು ಕ್ರೆಡಿಟ್ ಸೇರಿಸುವುದು ಯಾಕೆ? ಶೇ 94 ಮತ್ತು ಶೇ 37ರ ನಡುವಿನ ಅಂತರದಲ್ಲೇ ಇದಕ್ಕೆ ಉತ್ತರವಿದೆ. ನಷ್ಟ ಎಲ್ಲರಿಗೂ ಒಂದೇ ಸಮ ಬರುವುದಿಲ್ಲ. ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಯಾವ ಕೋರ್ಸು ತೆಗೆದುಕೊಂಡಿದ್ದಿರಿ ಎಂಬುದರ ಮೇಲೆ ಅದು ಏರಿಳಿಯುತ್ತದೆ. ಫಾಲ್‌ನಲ್ಲಿ ಬಂದ ಹೊಸತರಲ್ಲಿ ಸಿಕ್ಕ ಕೋರ್ಸುಗಳನ್ನು ತುಂಬಿಸಿಕೊಂಡಿದ್ದಾಗಿದೆ, ಅದಕ್ಕೆ ಈಗ ಮಾಡುವಂಥದ್ದೇನೂ ಇಲ್ಲ. ಸ್ಪ್ರಿಂಗ್ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಹೋಗಬೇಕೆಂದಿರುವ ಕಾಲೇಜು ಯಾವುದನ್ನು ಒಪ್ಪುತ್ತದೆಂದು ನೋಡಿಕೊಂಡೇ ಆ ಹದಿನೈದನ್ನು ಆರಿಸಬಹುದು.

ನೋಡುವುದು ಹೇಗೆ? ಬಹುತೇಕ ವಿಶ್ವವಿದ್ಯಾಲಯಗಳು ತಮ್ಮ ಜಾಲತಾಣದಲ್ಲಿ ‘ಟ್ರಾನ್ಸ್‌ಫರ್ ಈಕ್ವಿವಲೆನ್ಸಿ’ ಎಂಬ ಪಟ್ಟಿ ಇಟ್ಟಿರುತ್ತವೆ. ಟ್ರಾನ್ಸ್‌ಫರಾಲಜಿ ಎಂಬ ತಾಣವೂ ಇದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಿಗೆ ಅಸಿಸ್ಟ್ ಎಂಬ ತಾಣವಿದೆ. ನಿಮ್ಮ ಕೋರ್ಸಿನ ಸಂಖ್ಯೆ ಹಾಕಿದರೆ ಅತ್ತ ಕಡೆ ಅದಕ್ಕೆ ಏನು ಸಿಗುತ್ತದೆಂದು ತೋರಿಸುತ್ತದೆ. ಅಲ್ಲಿ ಬರುವ ಸಾಲನ್ನು ಕಣ್ಣಿಟ್ಟು ಓದಬೇಕು. ಕ್ಯಾಲ್ಕುಲಸ್ ಎರಡಕ್ಕೆ ಎದುರಾಗಿ ಅಲ್ಲಿಯ ಕ್ಯಾಲ್ಕುಲಸ್ ಎರಡರದೇ ಸಂಖ್ಯೆ ಕಂಡರೆ ನಿಶ್ಚಿಂತೆ. ಅದರ ಬದಲು ಗಣಿತ ಎಂಬ ಹೆಸರಿನ ಮುಂದೆ ಬರೀ ‘ಎಲೆಕ್ಟಿವ್’ ಎಂದಿದ್ದರೆ, ಕ್ರೆಡಿಟ್ ಲೆಕ್ಕಕ್ಕೆ ಬಂತು, ಡಿಗ್ರಿಗೆ ಕೆಲಸಕ್ಕೆ ಬರಲಿಲ್ಲ. ಆ ಕ್ಯಾಲ್ಕುಲಸ್ಸನ್ನು ಮತ್ತೆ ಓದಬೇಕು. ಹೀಗೊಂದು ಕಾಲ್ಪನಿಕ ಲೆಕ್ಕ ಹಾಕಿ: 30 ಕ್ರೆಡಿಟ್ ಹೊತ್ತು ಹೋದಿರಿ, ಹೊಸ ಕಾಲೇಜು 27ನ್ನು ಒಪ್ಪಿತು, ಮನೆಯವರೆಲ್ಲ ಖುಷಿಪಟ್ಟರು. ಆ 27ರಲ್ಲಿ 12 ಎಲೆಕ್ಟಿವ್ ಎಂದು ಬಿದ್ದಿದ್ದರೆ ಎಂಜಿನಿಯರಿಂಗ್ ಓದುವವನಿಗೆ ಅದು ಹೆಚ್ಚುಕಡಿಮೆ ಒಂದು ಸೆಮಿಸ್ಟರಿನ ನಷ್ಟ, ಏಕೆಂದರೆ ಎಂಜಿನಿಯರಿಂಗ್‌ನಲ್ಲಿ ಎಲೆಕ್ಟಿವ್‌ಗೆ ಜಾಗವೇ ಕಡಿಮೆ. ಅದಕ್ಕೇ ‘ಎಷ್ಟು ಕ್ರೆಡಿಟ್ ತಗೊಳ್ತೀರಿ’ ಎಂದು ಕೇಳಿದರೆ ಸಾಲದು, ‘ನನ್ನ ಮೇಜರ್‌ಗೆ ಎಷ್ಟು ಸೇರುತ್ತೆ’ ಎಂದು ಕೇಳಬೇಕು. ಸಾಮಾನ್ಯವಾಗಿ ಸಿ ಗ್ರೇಡಿಗಿಂತ ಕಡಿಮೆ ಬಂದ ಕೋರ್ಸು ದಾಟುವುದಿಲ್ಲ. ದಾಟಿದ ಕೋರ್ಸಿನ ಕ್ರೆಡಿಟ್ ಬರುತ್ತದೆಯೇ ಹೊರತು ಗ್ರೇಡು ಬರುವುದಿಲ್ಲ, ಹೊಸ ಕಾಲೇಜಿನಲ್ಲಿ ಜಿಪಿಎ ಸೊನ್ನೆಯಿಂದ ಶುರು. ಚೆನ್ನಾಗಿ ಓದಿದವರಿಗೆ ಇದು ಬೇಸರದ ಸಂಗತಿ, ಎಡವಿದವರಿಗೆ ವರ.

ವರ್ಷವಿಡೀ ಜೋಡಿಯಾಗಿ ನಡೆಯುವ ಕೋರ್ಸುಗಳ ವಿಷಯದಲ್ಲಿ ಅರ್ಧಕ್ಕೆ ಬಿಡುವುದು ಇನ್ನೂ ದುಬಾರಿ. ಜನರಲ್ ಕೆಮಿಸ್ಟ್ರಿ ಒಂದು ಮತ್ತು ಎರಡು, ಫಿಸಿಕ್ಸ್ ಒಂದು ಮತ್ತು ಎರಡು, ಭಾಷೆಯ ಕೋರ್ಸುಗಳು ಇವನ್ನೆಲ್ಲ ಎರಡು ಸೆಮಿಸ್ಟರಿಗೆ ಹಂಚಿರುತ್ತಾರೆ. ಯಾವ ಅಧ್ಯಾಯ ಯಾವ ಅರ್ಧದಲ್ಲಿ ಬರುತ್ತದೆಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಒಂದು ಕಡೆ ಮೊದಲರ್ಧ ಮುಗಿಸಿ ಇನ್ನೊಂದು ಕಡೆ ಎರಡನೆಯರ್ಧಕ್ಕೆ ಕೂತವನಿಗೆ ಕೆಲವು ಅಧ್ಯಾಯ ಎರಡೆರಡು ಸಲ, ಕೆಲವು ಒಂದು ಸಲವೂ ಇಲ್ಲ. ಮೆಡಿಕಲ್ ಕಡೆ ಕಣ್ಣಿಟ್ಟವರು ಕೆಮಿಸ್ಟ್ರಿಯ ಜೋಡಿಯನ್ನು ಒಂದೇ ಕಡೆ ಮುಗಿಸುವುದು ಮೇಲು.

ಈಗ ಹಣ. ಬಿಡಲು ಹೊರಟವರ ಅತ್ಯಂತ ಗಟ್ಟಿ ವಾದ ಇರುವುದೂ ಇಲ್ಲೇ, ಅದನ್ನು ತೇಲಿಸಿ ಮಾತಾಡುವುದು ತರವಲ್ಲ. ಕಾಲೇಜ್ ಬೋರ್ಡ್ ಕೊಟ್ಟ 2024–25ರ ಸರಾಸರಿಯಂತೆ, ಖಾಸಗಿ ಕಾಲೇಜಿನ ವಾರ್ಷಿಕ ಬೋಧನಾ ಶುಲ್ಕ 43,350 ಡಾಲರ್, ಸರ್ಕಾರಿ ಕಾಲೇಜಿನದು ಹೊರರಾಜ್ಯದವರಿಗೆ 30,780, ಅದೇ ರಾಜ್ಯದವರಿಗೆ 11,610. ಊಟ ವಸತಿ ಬೇರೆ. ಬಿಡುವುದೆಂದು ತೀರ್ಮಾನಿಸಿದ ಕಾಲೇಜಿಗೆ ಇನ್ನೊಂದು ಸೆಮಿಸ್ಟರಿನ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಡಾಲರ್ ಸುರಿಯುವುದೇ ಎಂದು ತಂದೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕೇ ಬೇಕು. ಸ್ಪ್ರಿಂಗ್‌ನ 15ನ್ನು ಇಲ್ಲಿ ಓದದಿದ್ದರೆ ಮುಂದೆ ಎಲ್ಲೋ ಒಂದು ಕಡೆ ದುಡ್ಡು ಕೊಟ್ಟೇ ಓದಬೇಕು. ಉಳಿತಾಯವಾಗುವುದು ಆ ‘ಎಲ್ಲೋ ಒಂದು ಕಡೆ’ ಅಗ್ಗವಾಗಿದ್ದರೆ ಮಾತ್ರ. ಹೊರಟಿರುವುದು ಇಷ್ಟೇ ದುಬಾರಿಯಾದ ಇನ್ನೊಂದು ಖಾಸಗಿ ಕಾಲೇಜಿಗಾದರೆ ಉಳಿದದ್ದೇನೂ ಇಲ್ಲ, ಪದವಿ ಆರು ತಿಂಗಳು ಹಿಂದೆ ಬಿತ್ತು. ಮನೆ ಕ್ಯಾಲಿಫೋರ್ನಿಯಾದಲ್ಲಿದ್ದು ಮಗಳು ಬಾಸ್ಟನ್ನಿನ ಖಾಸಗಿ ಕಾಲೇಜಿನಲ್ಲಿದ್ದರೆ ಚಿತ್ರವೇ ಬೇರೆ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್, 15 ಯೂನಿಟ್ಟಿಗೆ 690. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೇ ಗುರಿಯಾಗಿದ್ದರೆ, ಡಿಸೆಂಬರ್‌ನಲ್ಲಿ ಮನೆಗೆ ಬಂದು ಕ್ಯೂಪರ್ಟಿನೋದ ಡಿ ಆನ್ಜಾ ಕಾಲೇಜಿನಂಥ ಕಡೆ ಜನವರಿಯಿಂದ ಓದು ಮುಂದುವರಿಸುವುದು ಬುದ್ಧಿವಂತಿಕೆಯ ನಡೆ. ಆ ಕಾಲೇಜುಗಳಿಂದ ಬರುವವರಿಗೆ ವಿಶ್ವವಿದ್ಯಾಲಯ ಆದ್ಯತೆ ಕೊಡುತ್ತದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ನಿಗದಿತ ಕೋರ್ಸು ಮತ್ತು ಜಿಪಿಎ ಇದ್ದವರಿಗೆ ಪ್ರವೇಶದ ಖಾತರಿಯನ್ನೇ ನೀಡುವ ಒಪ್ಪಂದ ಇಟ್ಟುಕೊಂಡಿವೆ. ಸ್ಪ್ರಿಂಗ್ ಸೆಮಿಸ್ಟರನ್ನು ಇಲ್ಲೇ ಮುಗಿಸಿ ಎಂಬ ನನ್ನ ವಾದ ಇಂಥ ಮನೆಗಳಿಗೆ ಅನ್ವಯಿಸುವುದಿಲ್ಲ. ಗಮನಿಸಿ, ಅಲ್ಲಿಯೂ ಓದು ನಿಲ್ಲುತ್ತಿಲ್ಲ, ಜಾಗ ಬದಲಾಗುತ್ತಿದೆ ಅಷ್ಟೆ.

ಸ್ಕಾಲರ್‌ಶಿಪ್ ಮತ್ತು ಸಾಲದ ಬಗ್ಗೆ ಎರಡು ಮಾತು. ಪ್ರತಿಭೆ ನೋಡಿ ಕೊಡುವ ದೊಡ್ಡ ಸ್ಕಾಲರ್‌ಶಿಪ್‌ಗಳಲ್ಲಿ ಹೆಚ್ಚಿನವು ಹೈಸ್ಕೂಲಿನಿಂದ ನೇರ ಬರುವವರಿಗೆ ಮೀಸಲು. ನಾಲ್ಕು ವರ್ಷಕ್ಕೆಂದು ಕೊಟ್ಟದ್ದು ನೀವು ಹೊರಬಿದ್ದ ದಿನ ನಿಲ್ಲುತ್ತದೆ, ಹೊಸ ಕಡೆ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆಂದು ಇಡುವ ಮೊತ್ತ ಸಾಮಾನ್ಯವಾಗಿ ಸಣ್ಣದು. ಹಾಗಾಗಿ ಹೋಲಿಸಬೇಕಾದದ್ದು ಫೀಸಿನ ಪಟ್ಟಿಗಳನ್ನಲ್ಲ. ಸ್ಕಾಲರ್‌ಶಿಪ್ ಕಳೆದು ಕೈಯಿಂದ ಹೋಗುವ ಹಣವನ್ನು, ಅದೂ ಉಳಿದ ಮೂರು ವರ್ಷಕ್ಕೆ. ಅಮೆರಿಕದ ಪ್ರಜೆಗಳೂ ಗ್ರೀನ್ ಕಾರ್ಡ್ ಇರುವವರೂ ಫೆಡರಲ್ ನೆರವು ಪಡೆಯುತ್ತಿದ್ದರೆ ಇನ್ನೊಂದು ನಿಯಮ ಗೊತ್ತಿರಬೇಕು. ಸೆಮಿಸ್ಟರಿನ ಶೇ 60 ದಾಟುವ ಮೊದಲೇ ಎಲ್ಲ ಕೋರ್ಸು ಬಿಟ್ಟು ಹೊರಟರೆ, ಓದದ ದಿನಗಳ ಪಾಲಿನ ನೆರವು ವಾಪಸ್ ಹೋಗುತ್ತದೆ. ಕಾಲೇಜು ಆ ಹಣವನ್ನು ಸರ್ಕಾರಕ್ಕೆ ಕಟ್ಟಿ, ಬಿಲ್ಲನ್ನು ನಿಮ್ಮ ಹೆಸರಿಗೆ ಕಳಿಸಬಹುದು. ಹದಿನೈದು ವಾರದ ಸೆಮಿಸ್ಟರಿನಲ್ಲಿ ಈ ಗೆರೆ ಬೀಳುವುದು ಸುಮಾರು ಒಂಬತ್ತನೇ ವಾರಕ್ಕೆ. ಏಳನೇ ವಾರದಲ್ಲಿ ಸಿಟ್ಟು ಬಂದು ಬ್ಯಾಗು ಹೆಗಲಿಗೇರಿಸಿದವನಿಗೆ ಇದು ಗೊತ್ತಿರುವುದಿಲ್ಲ. ಓದು ಅರ್ಧ ಹೊರೆಗಿಂತ ಕೆಳಗಿಳಿದ ದಿನದಿಂದ ಫೆಡರಲ್ ಡೈರೆಕ್ಟ್ ಸಾಲದ ಆರು ತಿಂಗಳ ರಿಯಾಯಿತಿ ಅವಧಿಯೂ ಓಡತೊಡಗುತ್ತದೆ.

ಎರಡನೆಯ ಗಟ್ಟಿ ಆಕ್ಷೇಪ ಹಣಕ್ಕೆ ಸಂಬಂಧಪಟ್ಟದ್ದಲ್ಲ. ‘ಮಗು ಅಲ್ಲಿ ಅಳ್ತಾ ಕೂತಿದೆ, ನೀವು ಕ್ರೆಡಿಟ್ ಲೆಕ್ಕ ಹಾಕ್ತೀರಲ್ಲ’ ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಹೇಳುವಾಗ ಸಂಕಟಗಳನ್ನು ಬೇರೆ ಬೇರೆ ಮಾಡಿ ನೋಡಬೇಕಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೋ 1987ರಲ್ಲಿ ಪ್ರಕಟಿಸಿದ ‘ಲೀವಿಂಗ್ ಕಾಲೇಜ್’ ಪುಸ್ತಕ ಈ ಕ್ಷೇತ್ರದವರೆಲ್ಲ ಇವತ್ತಿಗೂ ಎದುರಿಟ್ಟುಕೊಂಡು ಮಾತಾಡುವ ಕೃತಿ. ಬಿಡುವವರಲ್ಲಿ ಹೆಚ್ಚಿನವರು ಫೇಲಾಗಿ ಹೊರದಬ್ಬಿಸಿಕೊಂಡವರಲ್ಲ, ತಾವಾಗಿ ಹೊರಟವರು ಎಂಬುದು, ಪಾಠದ ಜೊತೆಗೂ ಜನರ ಜೊತೆಗೂ ಬೆಸುಗೆ ಬೀಳದಿರುವುದು ದೊಡ್ಡ ಕಾರಣ ಎಂಬುದು ಅವರ ವಾದದ ತಿರುಳು. ಬೆಸುಗೆಗೆ ಕಾಲ ಬೇಕು. ಅಕ್ಟೋಬರ್‌ನಲ್ಲಿ ಯಾರೂ ಪರಿಚಯವಿಲ್ಲದವಳಿಗೆ ಮಾರ್ಚ್ ಹೊತ್ತಿಗೆ ಲ್ಯಾಬಿನಲ್ಲಿ ಜೊತೆಗಾತಿ ಸಿಕ್ಕಿರಬಹುದು, ಸಿಗದೆಯೂ ಇರಬಹುದು. ಸಿಗದಿದ್ದರೆ ಬಿಡುವ ತೀರ್ಮಾನ ಗಟ್ಟಿಯಾಯಿತು, ಸಿಕ್ಕರೆ ತೀರ್ಮಾನ ತಪ್ಪಿತು. ಎರಡರಲ್ಲೂ ಕೈಯಲ್ಲಿರುವ ಮಾಹಿತಿ ಅಕ್ಟೋಬರ್‌ಗಿಂತ ಹೆಚ್ಚು. ಇನ್ನೊಂದು ಸಂಗತಿಯನ್ನೂ ಯೋಚಿಸಿ: ಜನವರಿಯಲ್ಲಿ ಹೊಸ ಕ್ಯಾಂಪಸ್‌ಗೆ ಕಾಲಿಡುವವನಿಗೆ ಅಲ್ಲಿಯ ಗೆಳೆಯರ ಗುಂಪುಗಳು ಆಗಲೇ ಕಟ್ಟಿಕೊಂಡಿರುತ್ತವೆ, ಓರಿಯೆಂಟೇಶನ್ ಅರ್ಧ ದಿನದಲ್ಲಿ ಮುಗಿದಿರುತ್ತದೆ, ಹಾಸ್ಟೆಲಿನಲ್ಲಿ ಯಾರೋ ಖಾಲಿ ಮಾಡಿದ ಮಂಚ ಸಿಗುತ್ತದೆ. ಒಂಟಿತನ ತಾಳದೆ ಹೊರಟವರಿಗೆ ಇದು ಮದ್ದಲ್ಲ.

ಹಾಗೆಂದು ಎಲ್ಲ ಸಂಕಟವನ್ನೂ ‘ಸ್ವಲ್ಪ ತಾಳ್ಕೊ’ ಎಂದು ತಳ್ಳಿಹಾಕುವುದು ಅಪಾಯ. ಖಿನ್ನತೆ ಹಿಡಿದು ಹಾಸಿಗೆ ಬಿಟ್ಟೇಳದವರು, ಊಟ ನಿದ್ದೆ ಬಿಟ್ಟವರು, ಕಿರುಕುಳ ಅಥವಾ ಹಲ್ಲೆಗೆ ಒಳಗಾದವರು, ಮನೆಯಲ್ಲಿ ದೊಡ್ಡ ಕಾಯಿಲೆ ಬಂದು ಊರಿಗೆ ಬರಲೇಬೇಕಾದವರು ಮೇ ತನಕ ಕಾಯುವ ಮಾತೇ ಇಲ್ಲ. ಅವರು ಕೇಳಬೇಕಾದದ್ದು ವಿತ್‌ಡ್ರಾವಲ್ ಅಲ್ಲ, ಮೆಡಿಕಲ್ ಲೀವ್ ಅಥವಾ ಲೀವ್ ಆಫ್ ಆ್ಯಬ್ಸೆನ್ಸ್. ರಜೆಯ ಮೇಲೆ ಹೋದವರಿಗೆ ಮರಳಿ ಬರುವ ಜಾಗ ಉಳಿದಿರುತ್ತದೆ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಎಫ್ ಬೀಳುವುದಿಲ್ಲ, ಕೆಲವು ಕಡೆ ಫೀಸಿನ ಒಂದು ಪಾಲು ಹಿಂದಕ್ಕೂ ಬರುತ್ತದೆ. ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿಗೆ ಹೋಗಿ, ಡಾಕ್ಟರ ಪತ್ರ ಕೊಟ್ಟು, ಬರಹದಲ್ಲಿ ಪಡೆಯಬೇಕಾದ ಅನುಮತಿ ಇದು. ಹೇಳದೆ ಕೇಳದೆ ಕ್ಲಾಸಿಗೆ ಹೋಗುವುದು ನಿಲ್ಲಿಸಿದವರಿಗೆ ಇದ್ಯಾವುದೂ ಸಿಗುವುದಿಲ್ಲ, ಸೆಮಿಸ್ಟರ್ ಕೊನೆಗೆ ಸಾಲಾಗಿ ಎಫ್‌ಗಳು ಬರುತ್ತವೆ.

ಗ್ರೇಡು ಕುಸಿಯುತ್ತಿರುವವರದು ಇನ್ನೊಂದು ವರ್ಗ. ಫಾಲ್ ಜಿಪಿಎ ಎರಡಕ್ಕಿಂತ ಕೆಳಗಿಳಿದು ಪ್ರೊಬೇಷನ್ ಪತ್ರ ಕೈಗೆ ಬಂದಿದ್ದರೆ, ಸ್ಪ್ರಿಂಗ್‌ನಲ್ಲೂ ಅದೇ ನಡೆದರೆ ಟ್ರಾನ್ಸ್‌ಫರ್ ದಾರಿಯೇ ಮುಚ್ಚುತ್ತದೆ. ಇಂಥವರು ಪೂರ್ತಿ ಬಿಡುವ ಬದಲು ಹೊರೆ ಇಳಿಸಬಹುದು: 15 ಅಥವಾ 16ರ ಬದಲು 12 ಕ್ರೆಡಿಟ್. ಪೂರ್ಣಕಾಲಿಕ ವಿದ್ಯಾರ್ಥಿ ಎನಿಸಿಕೊಳ್ಳಲು ಅಷ್ಟು ಸಾಕು. ಕೈಮೀರಿದ ಒಂದು ಕೋರ್ಸನ್ನು ಗಡುವಿನೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ ಎಂದು ಬೀಳುತ್ತದೆ. ಒಂದು ಡಬ್ಲ್ಯೂ ಯಾರ ಕಣ್ಣನ್ನೂ ಚುಚ್ಚುವುದಿಲ್ಲ, ನಾಲ್ಕೈದು ಸಾಲುಗಟ್ಟಿದರೆ ಪ್ರವೇಶ ಕಚೇರಿಯವರು ಕಾರಣ ಹುಡುಕುತ್ತಾರೆ.

ಭಾರತದಿಂದ ಎಫ್-1 ವೀಸಾದಲ್ಲಿ ಹೋದವರಿಗೆ ಈ ಇಡೀ ವಾದ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಸೆವಿಸ್ ವ್ಯವಸ್ಥೆಯಲ್ಲಿ ಅವರ ದಾಖಲೆ ಹಳೆಯ ಕಾಲೇಜಿನಿಂದ ಹೊಸದಕ್ಕೆ ಬಿಡುಗಡೆಯಾಗಬೇಕು. ಆ ಕೆಲಸ ಮಾಡುವವರು ಕಾಲೇಜಿನ ಡಿಎಸ್‌ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ಹೊಣೆ ಹೊತ್ತ ಅಧಿಕಾರಿ. ಬಿಡುಗಡೆಯಾದ ದಿನದಿಂದ ಐದು ತಿಂಗಳೊಳಗೆ ಹೊಸ ಕಡೆ ಪಾಠ ಶುರುವಾಗಬೇಕೆಂಬುದು ನಿಯಮ. ಡಿಸೆಂಬರ್‌ನಲ್ಲಿ ಬಿಟ್ಟು ಆಗಸ್ಟ್‌ಗೆ ಸೇರುತ್ತೇನೆಂದರೆ ಎಂಟು ತಿಂಗಳಾಯಿತು, ಲೆಕ್ಕ ತಪ್ಪಿತು. ಮೇ ತಿಂಗಳಲ್ಲಿ ಮುಗಿಸಿ ಆಗಸ್ಟ್‌ಗೆ ಸೇರುವವರಿಗೆ ನಡುವಿನ ಮೂರು ತಿಂಗಳು ಬೇಸಿಗೆ ರಜೆ, ಯಾವ ತೊಡಕೂ ಇಲ್ಲ; ಒಂದು ಪೂರ್ಣ ವರ್ಷ ಓದಿದವರಿಗೆ ಆ ರಜೆಯ ಹಕ್ಕೂ ಇದೆ. ಡಿಎಸ್‌ಒ ಒಪ್ಪಿಗೆ ಪಡೆದು ನಡುವೆ ಓದು ನಿಲ್ಲಿಸಿದವರು 15 ದಿನದಲ್ಲಿ ದೇಶ ಬಿಡಬೇಕು, ಒಪ್ಪಿಗೆಯಿಲ್ಲದೆ ನಿಲ್ಲಿಸಿದವರಿಗೆ ಅಷ್ಟೂ ಇಲ್ಲ. ಇದರ ಮೇಲೆ 2025ರ ಆಗಸ್ಟ್‌ನಲ್ಲಿ ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಒಂದು ಕರಡು ನಿಯಮ ಪ್ರಕಟಿಸಿತು. ಮೊದಲ ಐ-20 (ಎಫ್-1 ವೀಸಾಕ್ಕೆ ಕಾಲೇಜು ಕೊಡುವ ಅರ್ಹತಾ ಪತ್ರ) ಕೊಟ್ಟ ಸಂಸ್ಥೆಯಲ್ಲೇ ಎಫ್-1 ವಿದ್ಯಾರ್ಥಿ ಮೊದಲ ಶೈಕ್ಷಣಿಕ ವರ್ಷ ಮುಗಿಸಬೇಕು, ವಿಶೇಷ ಅನುಮತಿ ಇದ್ದರೆ ಮಾತ್ರ ವಿನಾಯಿತಿ ಎಂಬ ಅಂಶ ಅದರಲ್ಲಿದೆ. ಹೊರಡುವ ಯೋಚನೆ ಬಂದ ದಿನವೇ ಡಿಎಸ್‌ಒ ಬಳಿ ಹೋಗಿ ಇವತ್ತಿನ ನಿಯಮ ಏನೆಂದು ಕೇಳಿಕೊಳ್ಳಬೇಕು, ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಆಗದು. ವೀಸಾ ಅವಧಿ ಇನ್ನೂ ಇದ್ದರೆ ಅದರ ಮೇಲೆ ಹಳೆಯ ಕಾಲೇಜಿನ ಹೆಸರಿದ್ದರೂ ಹೊಸ ಐ-20 ಜೊತೆಗೆ ನಡೆಯುತ್ತದೆ. ಆದರೆ ಬೇಸಿಗೆಯಲ್ಲಿ ಊರಿಗೆ ಬಂದು ಹೋಗುವವರು ವಿಮಾನ ಹತ್ತುವ ಮೊದಲು ಹೊಸ ಕಾಲೇಜಿನ ಐ-20 ಕೈಗೆ ಬಂದಿದೆಯೇ ನೋಡಿಕೊಳ್ಳಬೇಕು.

ಒಂದು ಕಾಲು ದೋಣಿಯಲ್ಲಿ ಇನ್ನೊಂದು ಕಾಲು ದಡದಲ್ಲಿ ಇಟ್ಟು ಆರು ತಿಂಗಳು ಕಳೆಯುವುದು ಹೇಗೆ, ಎರಡೂ ಕೆಡುವುದಿಲ್ಲವೇ ಎಂಬ ಅನುಮಾನವೂ ಸಹಜ. ಕೆಡದಂತೆ ನೋಡಿಕೊಳ್ಳಬೇಕಾದ ಜಾಗಗಳು ಕೆಲವೇ. ಶಿಫಾರಸು ಪತ್ರ ಮೊದಲನೆಯದು. ಮುನ್ನೂರು ಜನರ ಲೆಕ್ಚರ್ ಹಾಲಿನಲ್ಲಿ ಹಿಂದೆ ಕೂತವನ ಹೆಸರು ಪ್ರೊಫೆಸರ್‌ಗೆ ಗೊತ್ತಿರುವುದಿಲ್ಲ. ಇಪ್ಪತ್ತು ಜನರ ಬರವಣಿಗೆ ತರಗತಿಯಲ್ಲಿ ಪಾಠ ಮಾಡಿದವರು ಯಾರಾದರೂ ಇದ್ದರೆ ಅವರ ಆಫೀಸ್ ಅವರ್ಸ್‌ಗೆ ಫಾಲ್‌ನಿಂದಲೇ ಹೋಗಿಬರುತ್ತಿರಬೇಕು. ಫೆಬ್ರುವರಿಯಲ್ಲಿ ಪತ್ರ ಕೇಳಿದರೆ ಆಗ ಅವರಿಗೆ ಬರೆಯಲು ಏನಾದರೂ ಇರುತ್ತದೆ. ಬಿಡುತ್ತಿದ್ದೇನೆಂದು ಹೇಳಿದರೆ ಬೇಸರ ಮಾಡಿಕೊಂಡಾರು ಎಂಬ ಸಂಕೋಚ ಬೇಡ, ಅಲ್ಲಿ ಇದು ದಿನನಿತ್ಯದ ಸಂಗತಿ. ಪ್ರಬಂಧದಲ್ಲಿ ಈಗಿನ ಕಾಲೇಜನ್ನು ತೆಗಳಬಾರದು. ಇಲ್ಲಿ ಸಿಗದ ಯಾವ ಕೋರ್ಸು, ಯಾವ ಲ್ಯಾಬು ಅಲ್ಲಿದೆ ಎಂದು ಹೆಸರಿಟ್ಟು ಬರೆಯಬೇಕು. ಮುಂದಿನ ವರ್ಷದ ವಸತಿ ಎರಡನೆಯ ಕಷ್ಟ. ಟ್ರಾನ್ಸ್‌ಫರ್ ಫಲಿತಾಂಶ ಬರುವ ಎಷ್ಟೋ ಮೊದಲೇ ಹಾಸ್ಟೆಲ್ ಕರಾರಿಗೆ ಸಹಿ ಕೇಳುತ್ತಾರೆ, ಕ್ಯಾಂಪಸ್ ಹೊರಗಿನ ಮನೆ ಮಾಲೀಕರಂತೂ ಇನ್ನೂ ಬೇಗ. ಸಹಿ ಮಾಡುವ ಮುಂಚೆ ರದ್ದುಮಾಡಿದರೆ ಎಷ್ಟು ದಂಡ, ಯಾವ ತಾರೀಖಿನವರೆಗೆ ದಂಡವಿಲ್ಲ ಎಂಬ ಸಾಲನ್ನು ಹುಡುಕಿ ಓದಿ. ಏಪ್ರಿಲ್‌ನಲ್ಲಿ ಮುಂದಿನ ಫಾಲ್‌ನ ಕೋರ್ಸ್ ರಿಜಿಸ್ಟ್ರೇಷನ್ ತೆರೆದಾಗ ಹೇಗೂ ಹೊರಡುವವನೆಂದು ಸುಮ್ಮನಿರಬೇಡಿ. ರಿಜಿಸ್ಟರ್ ಮಾಡಿಡಿ, ಬೇರೆ ಕಡೆ ಖಚಿತವಾದ ಮೇಲೆ ರದ್ದು ಮಾಡಿದರಾಯಿತು.

ಪ್ರವೇಶ ಪತ್ರ ಬಂದ ದಿನ ಡಿಪಾಸಿಟ್ ಕಟ್ಟಲು ಓಡಬೇಡಿ. ಮೊದಲು ಕ್ರೆಡಿಟ್ ಮೌಲ್ಯಮಾಪನವನ್ನು ಬರಹದಲ್ಲಿ ಕೇಳಿ: ಎಷ್ಟು ಒಪ್ಪಿದರು, ಮೇಜರ್‌ಗೆ ಎಷ್ಟು ಸೇರಿತು, ಪದವಿಗೆ ಇನ್ನೆಷ್ಟು ಸೆಮಿಸ್ಟರ್. ಡಿಪಾಸಿಟ್ ಗಡುವಿನೊಳಗೆ ಅದು ಬರದಿದ್ದರೆ ಗಡುವು ವಿಸ್ತರಿಸಿ ಎಂದು ಕೇಳಬಹುದು, ಹಲವರು ಒಪ್ಪುತ್ತಾರೆ. ಎಲೆಕ್ಟಿವ್ ಎಂದು ತಳ್ಳಿದ ಕೋರ್ಸನ್ನು ಮರುಪರಿಶೀಲಿಸಿ ಎಂದು ಸಂಬಂಧಪಟ್ಟ ವಿಭಾಗಕ್ಕೆ ಬರೆಯುವ ಅವಕಾಶವೂ ಇದೆ. ಅದಕ್ಕೆ ಬೇಕಾಗುವುದು ಆ ಕೋರ್ಸಿನ ಸಿಲಬಸ್: ವಾರವಾರದ ಪಾಠದ ಪಟ್ಟಿ, ಪಠ್ಯಪುಸ್ತಕದ ಹೆಸರು, ಲ್ಯಾಬಿನ ಗಂಟೆಗಳು ಇರುವ ಆ ನಾಲ್ಕೈದು ಪುಟ. ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ಎಪಿ ಪರೀಕ್ಷೆ ಬರೆದಿದ್ದರೆ ಆ ಅಂಕಗಳನ್ನು ಕಾಲೇಜ್ ಬೋರ್ಡಿನಿಂದ ಹೊಸ ಕಾಲೇಜಿಗೆ ಮತ್ತೆ ಕಳಿಸಬೇಕು. ಹಳೆಯ ಕಾಲೇಜು ಕೊಟ್ಟ ಎಪಿ ಕ್ರೆಡಿಟ್ಟನ್ನು ಹೊಸದು ತನ್ನ ನಿಯಮದಂತೆ ಹೊಸದಾಗಿ ತೂಗುತ್ತದೆ. ಸ್ಪ್ರಿಂಗ್ ಗ್ರೇಡು ಸೇರಿದ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಜೂನ್‌ನಲ್ಲಿ ಹೋಗಬೇಕು. ಲೈಬ್ರರಿ ದಂಡವೋ ಪಾರ್ಕಿಂಗ್ ಚೀಟಿಯೋ ಬಾಕಿಯಿದ್ದು ಖಾತೆಗೆ ತಡೆ ಬಿದ್ದಿದ್ದರೆ ಅದನ್ನು ಮೇ ತಿಂಗಳಲ್ಲೇ ತೀರಿಸಿ. ಹಳೆಯ ಕಾಲೇಜಿನ ಲಾಗಿನ್ ಯಾವ ದಿನ ಮುಚ್ಚುತ್ತದೆಂದು ಐಟಿ ವಿಭಾಗದಲ್ಲಿ ವಿಚಾರಿಸಿ, ಸಿಲಬಸ್‌ಗಳನ್ನೂ ಬರೆದ ಪೇಪರುಗಳನ್ನೂ ಅದಕ್ಕೂ ಮೊದಲೇ ನಿಮ್ಮ ಸ್ವಂತ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ.